ನಾಸ್‌ನಲ್ಲಿಟ್ಟ ಟೈಮ್ ಮಷೀನ್ ಬ್ಯಾಕಪ್ ಕೈಕೊಟ್ಟಾಗ: ಲಕ್ಷಣ ಹಿಡಿದು ಡೇಟಾ ಉಳಿಸಿಕೊಳ್ಳುವ ಬಗೆ

ಮ್ಯಾಕ್ ತಾನೇ ತೆಗೆಯುವ ಟೈಮ್ ಮಷೀನ್ ಬ್ಯಾಕಪ್ಪನ್ನು ಮನೆಯ ಅಥವಾ ಆಫೀಸಿನ ನಾಸ್ (ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಮೇಲೆ ಇಟ್ಟುಕೊಂಡವರಿಗೆ ಈ ಬರಹ. ಸಿನಾಲಜಿ, ಕ್ಯುನ್ಯಾಪ್, ಟ್ರೂನಾಸ್, ಹಳೆಯ ಟೈಮ್ ಕ್ಯಾಪ್ಸೂಲ್ ಹೀಗೆ ಪೆಟ್ಟಿಗೆ ಯಾವುದೇ ಇರಲಿ, ಕಾಯಿಲೆಗಳು ಹೆಚ್ಚುಕಡಿಮೆ ಒಂದೇ. "ಬ್ಯಾಕಪ್ ಹಾಳಾಗಿದೆ" ಅಂತ ಬರುವ ದೂರುಗಳಲ್ಲಿ ಎಷ್ಟೋ ಬರೀ ಪಾಸ್‌ವರ್ಡ್, ವೈಫೈ, ಬೀಗ ಬಿದ್ದ ಕಡತದ ತಂಟೆಗಳು. ನಿಜವಾಗಿ ಕೆಟ್ಟಾಗಲೂ ನಿಮ್ಮ ಫೋಟೋ, ಲೆಕ್ಕಪತ್ರಗಳು ಇದ್ದಲ್ಲೇ ಇದ್ದು, ಅವು ಎಲ್ಲಿವೆ ಎಂಬ ಪಟ್ಟಿ ಮಾತ್ರ ಕದಡಿರುವುದು ಸಾಮಾನ್ಯ. ಪೂರ್ತಿ ಕೈಬಿಟ್ಟು ಹೋಗುವುದು ಹೆಚ್ಚಾಗಿ ಆಮೇಲೆ, ಅವಸರದಲ್ಲಿ ರಿಪೇರಿಗೆ ಕೂತಾಗ.

ಒಂದು ಮಾತು ಮೊದಲೇ ಕೇಳಿಕೊಳ್ಳಿ: ಮ್ಯಾಕ್ ಚೆನ್ನಾಗಿದೆಯೇ? ಅದರೊಳಗಿನ ಕಡತಗಳು ಸರಿಯಿದ್ದರೆ ನೀವು ಕಳೆದುಕೊಳ್ಳುತ್ತಿರುವುದು ಹಳೆಯ ಆವೃತ್ತಿಗಳನ್ನು ಮಾತ್ರ. ಹಾಗಿದ್ದರೆ ಕೆಳಗಿನ ಯಾವ ಸಾಹಸವೂ ಬೇಡ. ಒಂದು ಯುಎಸ್‌ಬಿ ಡಿಸ್ಕ್ ತಂದು ಇವತ್ತೇ ಹೊಸ ಬ್ಯಾಕಪ್ ಮಾಡಿ, ಆಮೇಲೆ ಹಳೆಯದನ್ನು ನಿಧಾನವಾಗಿ ನೋಡಿ. ಮ್ಯಾಕ್ ಸತ್ತಿದೆ, ಕಳುವಾಗಿದೆ, ಅಥವಾ ಬೇಕಾದ ಫೋಲ್ಡರ್ ಅಳಿಸಿಹೋಗಿ ತಿಂಗಳುಗಳಾಗಿವೆ ಅನ್ನುವವರು ಮುಂದೆ ಓದಿ.

ಏನನ್ನೂ ಮುಟ್ಟುವ ಮೊದಲು

ಟೈಮ್ ಮಷೀನ್‌ನ ತಾನೇ ಓಡುವ ಬ್ಯಾಕಪ್ ನಿಲ್ಲಿಸಿ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಟೈಮ್ ಮಷೀನ್, ಅಲ್ಲಿ ಆಪ್ಷನ್ಸ್. ಬ್ಯಾಕಪ್ ಫ್ರೀಕ್ವೆನ್ಸಿಯನ್ನು ಮ್ಯಾನ್ಯುವಲಿ ಎಂದು ಬದಲಿಸಿ. ಹಳೆಯ ಮ್ಯಾಕ್‌ಓಎಸ್‌ನಲ್ಲಿ ಇದೇ ಕೆಲಸಕ್ಕೆ ಒಂದು ಟಿಕ್ ಗುರುತಿದೆ, ಅದನ್ನು ತೆಗೆಯಿರಿ. ಮನೆಯಲ್ಲಿ ಇನ್ನೊಂದು ಮ್ಯಾಕ್ ಇದೇ ಜಾಗಕ್ಕೆ ಬ್ಯಾಕಪ್ ಮಾಡುತ್ತಿದ್ದರೆ ಅದನ್ನೂ ನಿಲ್ಲಿಸಿ.

"ಸ್ಟಾರ್ಟ್ ನ್ಯೂ ಬ್ಯಾಕಪ್" ಗುಂಡಿ ಒತ್ತಬೇಡಿ. ಒತ್ತಿದರೆ ಹಳೆಯ ಚರಿತ್ರೆಯೆಲ್ಲ ಅಳಿಸಿ ಹೊಸದು ಶುರುವಾಗುತ್ತದೆ. ನಾಸ್ ಕಡೆಯಿಂದ ಇನಿಷಿಯಲೈಸ್, ಫಾರ್ಮ್ಯಾಟ್, ರೀಸೆಟ್, ಕ್ರಿಯೇಟ್ ವಾಲ್ಯೂಮ್ ಎಂದು ಕೇಳಿದರೂ ಉತ್ತರ ಒಂದೇ: ಬೇಡ.

ಡಿಸ್ಕ್‌ನಿಂದ ಕಟಕಟ ಅಥವಾ ಉಜ್ಜುವ ಸದ್ದು ಬರುತ್ತಿದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ನಾಸ್ ಆಫ್ ಮಾಡಿ, ನೇರ ಕೊನೆಯ ಭಾಗಕ್ಕೆ ಹೋಗಿ. ಓದುವ ತಲೆ ತಟ್ಟೆಗೆ ತಾಗಿ ಉಜ್ಜುತ್ತಿದ್ದರೆ ಪ್ರತಿ ನಿಮಿಷವೂ ಡೇಟಾ ಹೆರೆದು ತೆಗೆದಂತೆ. ಫ್ರಿಜ್‌ನಲ್ಲಿಟ್ಟು ತೆಗೆದರೆ ಓಡುತ್ತದೆ ಎಂಬ ಹಳೆಯ ಪುಕಾರನ್ನು ನಂಬಬೇಡಿ. ಒಳಗೆ ನೀರು ಕಟ್ಟಿ ಇದ್ದದ್ದೂ ಹೋಗುತ್ತದೆ.

ನಾಸ್ ಬಿಚ್ಚುವುದಾದರೆ ಮೊದಲು ಗುಂಡಿಯಿಂದ ಆಫ್ ಮಾಡಿ, ಆಮೇಲೆ ಪ್ಲಗ್ ಕಿತ್ತು, ಯುಪಿಎಸ್‌ನಿಂದಲೂ ಬಿಡಿಸಿ. ಡಿಸ್ಕ್ ಹೊರತೆಗೆಯುವ ಮೊದಲು ಪ್ರತಿಯೊಂದಕ್ಕೂ ಪೇಪರ್ ಟೇಪ್ ಅಂಟಿಸಿ 1, 2, 3, 4 ಎಂದು ಬರೆಯಿರಿ, ಎಡದಿಂದ ಬಲಕ್ಕೆ. ನಾಲ್ಕು ಡಿಸ್ಕ್ ಮೇಜಿನ ಮೇಲೆ ಬಿದ್ದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಲಕ್ಷಣ: ಬ್ಯಾಕಪ್ ಡಿಸ್ಕ್ ಸಿಗುತ್ತಿಲ್ಲ ಎನ್ನುತ್ತದೆ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ. ನಾಸ್‌ನ ವೆಬ್ ಪುಟ ಬ್ರೌಸರ್‌ನಲ್ಲಿ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ತೊಂದರೆ ನೆಟ್‌ವರ್ಕ್‌ನದು: ಕೇಬಲ್, ರೂಟರ್, ಬದಲಾದ ಐಪಿ ವಿಳಾಸ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ನಾಸ್‌ಗೆ ಬೇರೆ ವಿಳಾಸ ಕೊಟ್ಟಿರುವುದು ನಮ್ಮ ಕಡೆ ಅಪರೂಪವೇನಲ್ಲ.

ವೆಬ್ ಪುಟ ತೆರೆದು ಫೈಂಡರ್‌ನಲ್ಲಿ ಶೇರ್ (ನಾಸ್ ಹಂಚುವ ಫೋಲ್ಡರ್) ಮಾತ್ರ ತೆರೆಯದಿದ್ದರೆ ಪಾಸ್‌ವರ್ಡ್ ಬದಲಾಗಿರಬಹುದು. ಮ್ಯಾಕ್ ಪಾಸ್‌ವರ್ಡ್ ಇಟ್ಟುಕೊಳ್ಳುವ ಕೀಚೈನ್‌ನಲ್ಲಿ ಹಳೆಯದು ಕೂತಿದ್ದರೆ ಅದನ್ನು ಅಳಿಸಿ ಹೊಸದಾಗಿ ಲಾಗಿನ್ ಆಗಿ. ಶೇರ್ ಭರ್ತಿಯಾಗಿದೆಯೇ, ಆ ಬಳಕೆದಾರನ ಕೋಟಾ ಮುಗಿದಿದೆಯೇ ಅದನ್ನೂ ನೋಡಿಬಿಡಿ.

ಟೈಮ್ ಕ್ಯಾಪ್ಸೂಲ್ ಇಟ್ಟುಕೊಂಡವರಿಗೆ ಬೇರೆ ಮಾತು. ಆಪಲ್ ಅದನ್ನು 2018ರಲ್ಲಿ ನಿಲ್ಲಿಸಿತು. ಅದು ಮಾತಾಡುವುದು ಎಎಫ್‌ಪಿ ಎಂಬ, ಕಡತ ಹಂಚುವ ಹಳೆಯ ಪ್ರೋಟೊಕಾಲ್‌ನಲ್ಲಿ. ಆಪಲ್ ಎಸ್‌ಎಂಬಿ ಎಂಬ ಇನ್ನೊಂದರ ಕಡೆ ತಿರುಗಿ ಬಹಳ ವರ್ಷಗಳಾದವು. ಹೊಸ ಮ್ಯಾಕ್‌ಓಎಸ್ ಹಾಕಿದ ಮೇಲೆ ಸಂಪರ್ಕ ಕೆಟ್ಟಿದ್ದರೆ ಬ್ಯಾಕಪ್ ಹಾಳಾಗಿದೆ ಎಂದು ಕಂಗಾಲಾಗುವ ಮೊದಲು ಹಳೆಯ ಮ್ಯಾಕ್ ಒಂದರಿಂದ ತೆರೆದು ನೋಡಿ. ತೆರೆದರೆ ಕೂಡಲೇ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ನಕಲಿಸಿ. ಒಂದೇ ಒಂದು ಡಿಸ್ಕ್ ಇರುವ, ಒಳಗೆ ಬಿಸಿಯಾಗುವ ಪೆಟ್ಟಿಗೆ ಅದು, ವಯಸ್ಸೂ ಆಗಿದೆ.

ಲಕ್ಷಣ: ಬ್ಯಾಕಪ್ "ಈಗಾಗಲೇ ಬಳಕೆಯಲ್ಲಿದೆ" ಎನ್ನುತ್ತದೆ

ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಪ್ರಯತ್ನಿಸಿದವರಿಗೆ ಇದೇ ದೋಷ "ರಿಸೋರ್ಸ್ ಟೆಂಪೊರರಿಲಿ ಅನ್‌ಅವೈಲಬಲ್" ಎಂದು ಕಾಣುತ್ತದೆ. ಬಹುತೇಕ ಇದು ಹಾಳಲ್ಲ, ಬಿಡದೆ ಉಳಿದ ಬೀಗ. ಬ್ಯಾಕಪ್ ನಡೆಯುವಾಗ ಲ್ಯಾಪ್‌ಟಾಪ್ ಮುಚ್ಚಿದಿರಿ ಅಥವಾ ವೈಫೈ ಕಡಿಯಿತು. ನಾಸ್ ಮಾತ್ರ ಮ್ಯಾಕ್ ಇನ್ನೂ ಕಡತ ಹಿಡಿದುಕೊಂಡಿದೆ ಎಂದೇ ನಂಬಿದೆ. ನಾಸ್‌ನ ಸಂಪರ್ಕಗಳ ಪಟ್ಟಿಯಲ್ಲಿ ನಿಮ್ಮ ಮ್ಯಾಕ್‌ನ ಹಳೆಯ ಸೆಷನ್ ಕಡಿದುಹಾಕಿ, ಅಥವಾ ಎಸ್‌ಎಂಬಿ ಸೇವೆಯನ್ನು ಒಮ್ಮೆ ನಿಲ್ಲಿಸಿ ಶುರುಮಾಡಿ. ಮ್ಯಾಕ್ ಕೂಡ ರೀಸ್ಟಾರ್ಟ್ ಮಾಡಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರೆ ತಾನೇ ಸರಿಹೋಗಿರುವುದೂ ಉಂಟು.

ಪದೇ ಪದೇ ಇದೇ ಬಂದರೆ ಮುಂದಿನ ಲಕ್ಷಣದ ಮುನ್ಸೂಚನೆ. ಬರೆಯುವ ನಡುವೆ ಸಂಪರ್ಕ ಕಡಿಯುತ್ತಲೇ ಇದ್ದರೆ ಒಂದು ದಿನ ಪಟ್ಟಿ ಕದಡಿಯೇ ಕದಡುತ್ತದೆ.

ಲಕ್ಷಣ: ಬ್ಯಾಕಪ್ ಪರೀಕ್ಷಿಸಿದೆ, ಇನ್ನು ಹೊಸದನ್ನೇ ಮಾಡಬೇಕು ಎನ್ನುತ್ತದೆ

ಹೆಚ್ಚು ಜನ ಗಾಬರಿಬೀಳುವುದು ಇಲ್ಲೇ. ಟೈಮ್ ಮಷೀನ್ ಆಗಾಗ ನಾಸ್ ಮೇಲಿನ ಬ್ಯಾಕಪ್ಪನ್ನು ತಾನೇ ತಪಾಸಣೆ ಮಾಡುತ್ತದೆ. ಏನಾದರೂ ಕೊರೆ ಕಂಡರೆ ರಿಪೇರಿಗೆ ಹೆಚ್ಚು ಒದ್ದಾಡದೆ, ಆ ಬ್ಯಾಕಪ್ಪಿಗೆ "ಕೆಟ್ಟದ್ದು" ಎಂಬ ಗುರುತು ಹಾಕಿ ಹೊಸದನ್ನು ಶುರುಮಾಡು ಎನ್ನುತ್ತದೆ. ಹೊಸ ಬ್ಯಾಕಪ್ ಬೇಕಾದವರಿಗೆ ಅದು ಸರಿಯಾದ ಸಲಹೆಯೇ. ಹಳೆಯ ಕಡತ ಬೇಕಾದವರಿಗೆ ಅಲ್ಲ. "ಬ್ಯಾಕಪ್ ಲೇಟರ್" ಒತ್ತಿ.

ಇಲ್ಲಿಂದ ಮುಂದೆ ಒಳಗೆ ಏನಿದೆ ಎಂದು ತಿಳಿದುಕೊಂಡರೆ ಕೈ ನಡುಗುವುದಿಲ್ಲ. ನಾಸ್ ಮೇಲೆ ನಿಮ್ಮ ಮ್ಯಾಕ್‌ನ ಹೆಸರಿನಲ್ಲಿ ಕಾಣುವ ಸ್ಪಾರ್ಸ್‌ಬಂಡಲ್ (ಮುಂದೆ ಬರೀ ಬಂಡಲ್) ನೋಡಲು ಒಂದೇ ಕಡತ, ನಿಜದಲ್ಲಿ ಅದೊಂದು ಫೋಲ್ಡರ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ಶೋ ಪ್ಯಾಕೇಜ್ ಕಂಟೆಂಟ್ಸ್" ಆರಿಸಿ. ಇನ್ಫೋ ಡಾಟ್ ಪಿಲಿಸ್ಟ್ ಎಂಬ ಸೆಟ್ಟಿಂಗ್ ಕಡತ, ಅದರದೇ ಪ್ರತಿಯಾದ ಇನ್ಫೋ ಡಾಟ್ ಬಿಸಿಕೆಯುಪಿ, ಟೋಕನ್ ಎಂಬ ಪುಟ್ಟ ಕಡತ, ಟೈಮ್ ಮಷೀನ್‌ನ ಒಂದೆರಡು ಪಿಲಿಸ್ಟ್‌ಗಳು, ಮತ್ತು ಬ್ಯಾಂಡ್ಸ್ ಎಂಬ ಫೋಲ್ಡರ್. ಬ್ಯಾಂಡ್ಸ್ ತೆರೆಯುವ ಮೊದಲು ಒಂದು ಲೋಟ ಕಾಫಿ ಇಟ್ಟುಕೊಳ್ಳಿ, ತುಂಬ ಹೊತ್ತು ಹಿಡಿಯುತ್ತದೆ. ನಿಮ್ಮ ಇಡೀ ಬ್ಯಾಕಪ್ಪನ್ನು 8 ಎಂಬಿ ತುಂಡುಗಳಾಗಿ ಕತ್ತರಿಸಿ ಅಲ್ಲಿ ಇಟ್ಟಿರುತ್ತಾರೆ; ಕೆಲವು ಬಂಡಲ್‌ಗಳಲ್ಲಿ ತುಂಡಿನ ಗಾತ್ರ ಇನ್ನೂ ದೊಡ್ಡದು. 500 ಜಿಬಿ ಬ್ಯಾಕಪ್ ಎಂದರೆ 8 ಎಂಬಿಯ ಸುಮಾರು 60 ಸಾವಿರ ತುಂಡು. ಹೆಸರುಗಳು 0ಯಿಂದ 9, ಆಮೇಲೆ ಎ, ಬಿ, ಸಿ... ಎಫ್, ಆಮೇಲೆ 10: ಹದಿನಾರರ ಲೆಕ್ಕದ ಹೆಕ್ಸ್ ಎಣಿಕೆ.

ಒಂದು ತುಂಡು ಕೆಟ್ಟಿತೆಂದರೆ 8 ಎಂಬಿ ರಂಧ್ರ. ಅದು ಯಾವುದೋ ವಿಡಿಯೊದ ನಡುವೆ ಬಿದ್ದರೆ ಹೋಗುವುದು ಆ ವಿಡಿಯೊ ಒಂದೇ. ಅದೇ ರಂಧ್ರ ಕಡತಗಳ ಪಟ್ಟಿ ಇರುವ ಜಾಗದಲ್ಲಿ ಬಿದ್ದರೆ ಸಾವಿರಾರು ಕಡತ ಒಟ್ಟಿಗೇ ಕಾಣೆಯಾಗುತ್ತವೆ, ಅವು ಇನ್ನೂ ಅಲ್ಲೇ ಇದ್ದರೂ. ಅಂದಹಾಗೆ, ಎಣಿಕೆಯಲ್ಲಿ ನಡುವೆ ಕೆಲವು ತುಂಡು ಇಲ್ಲದಿದ್ದರೆ ಅದೇ ದೋಷ ಎಂದುಕೊಳ್ಳಬೇಡಿ. ಏನೂ ಬರೆಯದ ಜಾಗಕ್ಕೆ ತುಂಡು ಹುಟ್ಟುವುದೇ ಇಲ್ಲ.

*ಮೊದಲು ನಕಲು.* ಬೇರೆ ಖಾಲಿ ಯುಎಸ್‌ಬಿ ಡಿಸ್ಕ್‌ಗೆ ಇಡೀ ಬಂಡಲ್ ನಕಲಿಸಿ. ಡಿಸ್ಕ್ ಆಪಲ್‌ನ ಫಾರ್ಮ್ಯಾಟ್‌ನಲ್ಲಿರಲಿ. ಮ್ಯಾಕ್ ಮತ್ತು ನಾಸ್ ಎರಡನ್ನೂ ಕೇಬಲ್‌ನಿಂದ ಜೋಡಿಸಿ, ವೈಫೈ ಬೇಡ. ಗಿಗಾಬಿಟ್ ಕೇಬಲ್‌ನಲ್ಲಿ ಎಲ್ಲ ಸರಿಯಿದ್ದರೆ ಸೆಕೆಂಡಿಗೆ ಸುಮಾರು 110 ಎಂಬಿ, ಅಂದರೆ 1 ಟಿಬಿಗೆ ಎರಡೂವರೆ ಗಂಟೆ ಎಂಬುದು ಲೆಕ್ಕ. ತುಂಡುಗಳ ರಾಶಿಯಲ್ಲಿ ಅಷ್ಟು ವೇಗ ಸಿಗುವುದಿಲ್ಲ. ರಾತ್ರಿಯಿಡೀ ಬಿಡಬೇಕೆಂದೇ ಇಟ್ಟುಕೊಳ್ಳಿ. ಮ್ಯಾಕ್ ಮಲಗದಂತೆ ಟರ್ಮಿನಲ್‌ನಲ್ಲಿ ಕೆಫಿನೇಟ್ ಆಜ್ಞೆ ಓಡಿಸಿ. ನಕಲಿಗೆ ಫೈಂಡರ್‌ಗಿಂತ ಆರ್‌ಸಿಂಕ್ ಎಂಬ ಟರ್ಮಿನಲ್ ಆಜ್ಞೆ ವಾಸಿ: ನಡುವೆ ನಿಂತರೆ ಮತ್ತೆ ಓಡಿಸಿದಾಗ ಉಳಿದದ್ದನ್ನಷ್ಟೇ ಮುಂದುವರಿಸುತ್ತದೆ, ಯಾವ ತುಂಡು ಓದಲಾಗಲಿಲ್ಲ ಎಂದು ಹೆಸರು ಹಿಡಿದು ಹೇಳುತ್ತದೆ. ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಓದಲಾಗದ ತುಂಡು ಇದೆಯೆಂದರೆ ಕಾಯಿಲೆ ಬಂಡಲ್‌ನದಲ್ಲ, ಕೆಳಗಿನ ಡಿಸ್ಕ್‌ನದು. ಆಗ ಇಲ್ಲಿ ನಿಲ್ಲಿಸಿ ನಾಸ್ ದೀಪದ ಲಕ್ಷಣಕ್ಕೆ ಹೋಗಿ.

ಅಷ್ಟು ದೊಡ್ಡ ಡಿಸ್ಕ್ ಇಲ್ಲ, ನಾಸ್‌ನ ಡಿಸ್ಕ್ ಫಾರ್ಮ್ಯಾಟ್ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಎಂದಾದರೆ ಆ ಶೇರ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಅಚ್ಚು) ತೆಗೆಯಿರಿ, ಕೆಲವೇ ಸೆಕೆಂಡಿನ ಕೆಲಸ. ನಿಮ್ಮ ರಿಪೇರಿ ಎಡವಟ್ಟಾದರೆ ಹಿಂದಕ್ಕೆ ಬರಲು ದಾರಿ ಇರುತ್ತದೆ. ಡಿಸ್ಕೇ ಸಾಯುತ್ತಿದ್ದರೆ ಮಾತ್ರ ಸ್ನ್ಯಾಪ್‌ಶಾಟ್‌ನಿಂದ ಉಪಯೋಗವಿಲ್ಲ, ಅದೂ ಅದೇ ಡಿಸ್ಕ್ ಮೇಲೇ ಇರುವುದು. ಮೊದಲಿನಿಂದಲೇ ಸ್ನ್ಯಾಪ್‌ಶಾಟ್ ಓಡುತ್ತಿದ್ದ ನಾಸ್ ಆದರೆ ನಿಮ್ಮದು ಅದೃಷ್ಟ: ಸಂದೇಶ ಬರುವ ಹಿಂದಿನ ವಾರದ ಸ್ನ್ಯಾಪ್‌ಶಾಟ್‌ನಿಂದ ಬಂಡಲ್ ಎತ್ತಿಕೊಂಡರೆ ಕೆಲಸ ಮುಗಿಯಿತು.

*ಆಮೇಲೆ ತೆರೆದು ನೋಡುವುದು.* ಇನ್ನು ಮುಂದಿನದೆಲ್ಲ ನಕಲಿನ ಮೇಲೆ. ಟರ್ಮಿನಲ್‌ಗೆ "ಫುಲ್ ಡಿಸ್ಕ್ ಆಕ್ಸೆಸ್" ಕೊಡಿ, ಇಲ್ಲದಿದ್ದರೆ ಅನುಮತಿ ಇಲ್ಲ ಎನ್ನುತ್ತಲೇ ಇರುತ್ತದೆ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್‌ನಲ್ಲೇ. ಮ್ಯಾನ್ ಎಂದು ಹೊಡೆದು ಆಜ್ಞೆಯ ಹೆಸರು ಕೊಟ್ಟರೆ ಪೂರ್ತಿ ವಿವರಣೆ ಬರುತ್ತದೆ.

ಬಂಡಲ್ಲನ್ನು ಜೋಡಿಸುವ ಆಜ್ಞೆ ಎಚ್‌ಡಿಐಯುಟಿಲ್ ಅಟ್ಯಾಚ್. ಅದರ ಜೊತೆ ನೋಮೌಂಟ್, ನೋವೆರಿಫೈ, ನೋಆಟೋಎಫ್‌ಎಸ್‌ಸಿಕೆ ಎಂಬ ಮೂರು ಸೂಚನೆ ಕೊಡಬೇಕು. ಮೂರನೆಯದು ಮುಖ್ಯ, ಅದನ್ನು ಬಿಟ್ಟರೆ ಜೋಡಿಸಿದ ಕೂಡಲೇ ಮ್ಯಾಕ್ ತಾನೇ ತಪಾಸಣೆಗೆ ಇಳಿದು ಡಿಸ್ಕನ್ನು ಹಿಡಿದು ಕೂರುತ್ತದೆ. ಮೊದಲ ಸಲ ರೀಡ್‌ಓನ್ಲಿ (ಓದಲು ಮಾತ್ರ) ಸೂಚನೆಯನ್ನೂ ಸೇರಿಸಿ. ಸರಿಹೋದರೆ ಡಿಸ್ಕ್4, ಡಿಸ್ಕ್4ಎಸ್1, ಡಿಸ್ಕ್4ಎಸ್2 ಎಂಬಂಥ ಸಾಲುಗಳು ಬರುತ್ತವೆ. ಎಸ್2 ಸಾಲಿನ ಎದುರು ಆಪಲ್ ಎಚ್‌ಎಫ್‌ಎಸ್ ಎಂದಿದ್ದರೆ ಹಳೆಯ ಬಗೆಯ ಡಿಸ್ಕ್ ಫಾರ್ಮ್ಯಾಟ್. ಆಪಲ್ ಎಪಿಎಫ್‌ಎಸ್ ಎಂದಿದ್ದರೆ 2020ರ ಬಿಗ್ ಸರ್ ಅಥವಾ ಆಮೇಲಿನ ಮ್ಯಾಕ್‌ಓಎಸ್ ಶುರುಮಾಡಿದ ಬ್ಯಾಕಪ್. ಮುಂದಿನ ದಾರಿ ಇದರ ಮೇಲೆ ನಿಂತಿದೆ.

ರಿಪೇರಿಗೆ ಇಳಿಯುವ ಮೊದಲೇ ಒಮ್ಮೆ ಡಿಸ್ಕ್‌ಯುಟಿಲ್ ಮೌಂಟ್ ರೀಡ್‌ಓನ್ಲಿ ಹೊಡೆದು ನೋಡಿ (ಮೌಂಟ್ ಎಂದರೆ ಒಳಗಿನ ಕಡತ ಕಾಣುವಂತೆ ತೆರೆಯುವುದು). ಅದಾಗಿ ತೆರೆದುಕೊಂಡರೆ ಬೇಕಾದ ಫೋಲ್ಡರ್‌ಗಳನ್ನು ಎತ್ತಿಕೊಂಡು ಎದ್ದುಬಿಡಿ. ಬ್ಯಾಕಪ್ಪನ್ನು ಮತ್ತೆ ಟೈಮ್ ಮಷೀನ್‌ಗೆ ಒಪ್ಪುವಂತೆ ಮಾಡಬೇಕೆಂಬ ಹಟ ಬೇಡ. ಒಮ್ಮೆ ಕದಡಿದ ಬ್ಯಾಕಪ್ಪನ್ನು ತೇಪೆ ಹಾಕಿ ಮುಂದೆ ಇನ್ನೂ ನಾಲ್ಕು ವರ್ಷ ನಂಬುವುದರಲ್ಲಿ ಅರ್ಥವಿಲ್ಲ.

*ಎಚ್‌ಎಫ್‌ಎಸ್ ಬಗೆಯಾದರೆ* ರಿಪೇರಿಗೆ ಸಾಕಷ್ಟು ಆಸೆ ಇಟ್ಟುಕೊಳ್ಳಬಹುದು. ರೀಡ್‌ಓನ್ಲಿ ಬಿಡಿಸಿ, ಈ ಸಲ ರೀಡ್‌ರೈಟ್ ಸೂಚನೆಯೊಂದಿಗೆ ಮತ್ತೆ ಜೋಡಿಸಿ. ಆಪರೇಷನ್ ನಾಟ್ ಪರ್ಮಿಟೆಡ್ ಎಂದು ಹಟ ಹಿಡಿದರೆ ಟೈಮ್ ಮಷೀನ್ ಕಡತಗಳಿಗೆ ಹಾಕಿದ ಬೀಗವನ್ನು ಸಿಎಚ್‌ಫ್ಲಾಗ್ಸ್ ಆಜ್ಞೆಯ ನೋಯುಸಿಎಚ್‌ಜಿ ಸೂಚನೆಯಿಂದ ಬಿಡಿಸಬೇಕು. ಆಮೇಲೆ ಎಫ್‌ಎಸ್‌ಸಿಕೆ ಎಚ್‌ಎಫ್‌ಎಸ್ ಆಜ್ಞೆಯನ್ನು ಡಿ, ಆರ್, ಎಫ್, ವೈ ಅಕ್ಷರಗಳೊಂದಿಗೆ ಆ ಎಸ್2 ಭಾಗದ ಮೇಲೆ ಓಡಿಸಿ. ಆರ್ ಎಂದರೆ ಕಡತಗಳ ಪಟ್ಟಿಯನ್ನು ಹೊಸದಾಗಿ ಕಟ್ಟು ಎಂದು. ಡಿಸ್ಕ್ ನಂಬರ್ ಎರಡು ಸಲ ಓದಿ ನೋಡಿ ಒತ್ತಿ. ತಪ್ಪು ನಂಬರ್ ಎಂದರೆ ಒಳ್ಳೆಯ ಡಿಸ್ಕ್ ಮೇಲೆ ಕೈಯಿಟ್ಟಂತೆ.

ಇದು ಗಂಟೆಗಟ್ಟಲೆ ನಡೆಯುತ್ತದೆ. "ಚೆಕಿಂಗ್ ಮಲ್ಟಿ-ಲಿಂಕ್ಡ್ ಡೈರೆಕ್ಟರೀಸ್" ಎಂಬ ಸಾಲಿಗೆ ಬಂದು ಕಲ್ಲಿನಂತೆ ನಿಂತುಬಿಡುತ್ತದೆ. ಹಳೆಯ ಬಗೆಯ ಬ್ಯಾಕಪ್‌ನಲ್ಲಿ ಬದಲಾಗದ ಫೋಲ್ಡರನ್ನು ಮತ್ತೆ ನಕಲಿಸದೆ ಪ್ರತಿ ತಾರೀಖಿನಿಂದಲೂ ಒಂದೇ ಕಡೆಗೆ ಕೊಂಡಿ ಹಾಕಿರುತ್ತಾರೆ. ಆ ಕೊಂಡಿಗಳು ಲಕ್ಷಗಟ್ಟಲೆ, ಒಂದೊಂದನ್ನೂ ಎಣಿಸಬೇಕು. ಕೆಟ್ಟುನಿಂತಿದೆ ಎಂದುಕೊಂಡು ಇಲ್ಲೇ ಕಂಟ್ರೋಲ್-ಸಿ ಒತ್ತುವವರೇ ಜಾಸ್ತಿ. ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ ಎಫ್‌ಎಸ್‌ಸಿಕೆ ಇನ್ನೂ ಡಿಸ್ಕ್ ಓದುತ್ತಿದೆಯೇ ನೋಡಿ. ಓದುತ್ತಿದ್ದರೆ ಬಿಟ್ಟು ಮಲಗಿ.

ಕೊನೆಯ ಸಾಲು ಮೂರರಲ್ಲಿ ಒಂದು. "ಅಪಿಯರ್ಸ್ ಟು ಬಿ ಓಕೆ" ಅಥವಾ "ರಿಪೇರ್ಡ್ ಸಕ್ಸೆಸ್‌ಫುಲಿ" ಎಂದರೆ ಮೌಂಟ್ ಮಾಡಿ ಕಡತ ತೆಗೆದುಕೊಳ್ಳಿ. ಬ್ಯಾಕಪ್ಸ್ ಡಾಟ್ ಬ್ಯಾಕಪ್‌ಡಿಬಿ ಎಂಬ ಫೋಲ್ಡರ್‌ನೊಳಗೆ ಮ್ಯಾಕ್‌ನ ಹೆಸರು, ಅದರೊಳಗೆ ತಾರೀಖುಗಳು. ರಿಪೇರಿ ಮಾಡಿದೆ, ಮತ್ತೆ ಓಡಿಸಿ ನೋಡು ಎಂಬರ್ಥದ ಸಾಲು ಬಂದರೆ ಇನ್ನೊಂದು ಸಲ ಓಡಿಸಿ. "ಕುಡ್ ನಾಟ್ ಬಿ ರಿಪೇರ್ಡ್" ಎಂದರೆ ಎರಡನೆಯ ಸಲ ಮಾಡಿ, ಅದಕ್ಕೂ ಬಗ್ಗದಿದ್ದರೆ ಬಿಡಿ. ಹತ್ತು ಸಲ ಓಡಿಸಿದರೆ ಹತ್ತನೆಯ ಸಲ ಮನಸ್ಸು ಬದಲಿಸುವ ಪ್ರೋಗ್ರಾಂ ಅಲ್ಲ ಅದು.

*ಎಪಿಎಫ್‌ಎಸ್ ಬಗೆಯಾದರೆ* ಎಫ್‌ಎಸ್‌ಸಿಕೆ ಎಪಿಎಫ್‌ಎಸ್ ಆಜ್ಞೆಯನ್ನು ಎನ್ ಅಕ್ಷರದೊಂದಿಗೆ ಓಡಿಸಿದರೆ ಬದಲಾವಣೆ ಮಾಡದೆ ವರದಿ ಮಾತ್ರ ಕೊಡುತ್ತದೆ. ಇದರ ರಿಪೇರಿ ಶಕ್ತಿ ಎಚ್‌ಎಫ್‌ಎಸ್‌ನದಕ್ಕಿಂತ ಕಡಿಮೆ. ಆದರೆ ಇಲ್ಲಿ ಇನ್ನೊಂದು ಅನುಕೂಲ: ಪ್ರತಿ ತಾರೀಖಿನ ಬ್ಯಾಕಪ್ಪೂ ಒಂದೊಂದು ಸ್ನ್ಯಾಪ್‌ಶಾಟ್. ಡಿಸ್ಕ್‌ಯುಟಿಲ್ ಎಪಿಎಫ್‌ಎಸ್ ಲಿಸ್ಟ್‌ಸ್ನ್ಯಾಪ್‌ಶಾಟ್ಸ್ ಆಜ್ಞೆಯಿಂದ ಪಟ್ಟಿ ತೆಗೆದು, ಮೌಂಟ್ ಎಪಿಎಫ್‌ಎಸ್ ಆಜ್ಞೆಗೆ ಎಸ್ ಅಕ್ಷರದೊಂದಿಗೆ ಸ್ನ್ಯಾಪ್‌ಶಾಟ್‌ನ ಹೆಸರು ಕೊಟ್ಟು ಒಂದೊಂದಾಗಿ ತೆರೆಯಲು ಪ್ರಯತ್ನಿಸಿ. ಇತ್ತೀಚಿನದು ಬಾರದಿದ್ದರೂ ಹಿಂದಿನ ತಿಂಗಳದ್ದು ತೆರೆದುಕೊಳ್ಳಬಹುದು. ಹೊಸದರಿಂದ ಹಳೆಯದರ ಕಡೆ ಹೋಗಿ.

ಟೈಮ್ ಮಷೀನ್ ಮತ್ತೆ ಒಪ್ಪಲೇಬೇಕು ಎನ್ನುವವರಿಗೆ, ಬಂಡಲ್ ಒಳಗಿನ ಮಷೀನ್‌ಐಡಿ ಪಿಲಿಸ್ಟ್‌ನಲ್ಲಿ ವೆರಿಫಿಕೇಶನ್‌ಸ್ಟೇಟ್ ಎದುರು 2 ಇರುವುದನ್ನು 0 ಮಾಡಿ, ರಿಕವರಿಬ್ಯಾಕಪ್‌ಡಿಕ್ಲೈನ್ಡ್‌ಡೇಟ್ ಮತ್ತು ಅದರ ಕೆಳಗಿನ ತಾರೀಖಿನ ಸಾಲು ಅಳಿಸಬೇಕು. ತಪಾಸಣೆ ಪಾಸಾದ ಮೇಲೆ ಮಾತ್ರ. ರಿಪೇರಿ ಆಗದ ಬ್ಯಾಕಪ್‌ಗೆ ಬರೀ ಗುರುತು ಅಳಿಸಿದರೆ ಅದು ಸರಿಹೋದಂತಾಗುವುದಿಲ್ಲ.

ಲಕ್ಷಣ: ತೆರೆಯುತ್ತದೆ, ಆದರೆ ಒಳಗೆ ನನ್ನ ಕಡತಗಳಿಲ್ಲ

ಹೊಸ ಮ್ಯಾಕ್ ತಂದವರಿಗೆ ಬರುವ ತೊಂದರೆ. ಟೈಮ್ ಮಷೀನ್ ಹಳೆಯ ಮ್ಯಾಕ್‌ನ ಬ್ಯಾಕಪ್ಪನ್ನು ತನ್ನದೆಂದು ಗುರುತಿಸುವುದಿಲ್ಲ. ಮೆನು ಪಟ್ಟಿಯ ಟೈಮ್ ಮಷೀನ್ ಗುರುತನ್ನು ಆಪ್ಷನ್ ಕೀ ಒತ್ತಿಹಿಡಿದು ಕ್ಲಿಕ್ ಮಾಡಿದರೆ "ಬ್ರೌಸ್ ಅದರ್ ಬ್ಯಾಕಪ್ ಡಿಸ್ಕ್ಸ್" ಕಾಣುತ್ತದೆ. ಎಲ್ಲವೂ ಬೇಕಾದರೆ ಮೈಗ್ರೇಷನ್ ಅಸಿಸ್ಟೆಂಟ್. ಫೋಲ್ಡರ್ ಮೇಲೆ ಕೆಂಪು ವೃತ್ತದಲ್ಲಿ ಬಿಳಿ ಅಡ್ಡಗೆರೆ ಕಂಡರೆ ಅನುಮತಿಯ ತಕರಾರು, ಹಾಳಲ್ಲ.

ಮೊನ್ನೆ ಮೊನ್ನೆ ಅಳಿಸಿದ ಕಡತ ಹುಡುಕುತ್ತಿದ್ದರೆ ನಾಸ್‌ಗೆ ಹೋಗುವ ಮೊದಲು ಮ್ಯಾಕ್‌ನೊಳಗೇ ನೋಡಿ. ಟೈಮ್ ಮಷೀನ್ ಒಳಗಿನ ಡಿಸ್ಕ್ ಮೇಲೂ ಸುಮಾರು 24 ಗಂಟೆಯ ಸ್ಥಳೀಯ ಸ್ನ್ಯಾಪ್‌ಶಾಟ್ ಇಟ್ಟುಕೊಂಡಿರುತ್ತದೆ. ಐಕ್ಲೌಡ್ ಡ್ರೈವ್ ಅಳಿಸಿದ್ದನ್ನು 30 ದಿನ ಉಳಿಸುತ್ತದೆ.

ಲಕ್ಷಣ: ಬಂಡಲ್ಲನ್ನೇ ಗುರುತಿಸುವುದಿಲ್ಲ, ಅಥವಾ ಪಾಸ್‌ವರ್ಡ್ ಒಪ್ಪುವುದಿಲ್ಲ

ಡಬಲ್ ಕ್ಲಿಕ್ ಮಾಡಿದರೆ "ಇಮೇಜ್ ನಾಟ್ ರೆಕಗ್ನೈಸ್ಡ್" ಎಂದು ಬಂದರೆ ಪ್ಯಾಕೇಜ್ ಒಳಗೆ ಇಣುಕಿ. ಇನ್ಫೋ ಡಾಟ್ ಪಿಲಿಸ್ಟ್ ಸೊನ್ನೆ ಬೈಟ್ ಆಗಿದೆಯೇ? ಕರೆಂಟ್ ಹೋದಾಗ ಬರೆಯುತ್ತಿದ್ದ ಕಡತ ಹೀಗೆ ಖಾಲಿಯಾಗುವುದುಂಟು. ನಕಲಿನಲ್ಲಿ ಅದನ್ನು ಪಕ್ಕಕ್ಕಿಟ್ಟು, ಬಿಸಿಕೆಯುಪಿ ಪ್ರತಿಯನ್ನು ಅದೇ ಹೆಸರಿನಲ್ಲಿ ಕೂರಿಸಿ. ಎರಡೂ ಖಾಲಿಯಾಗಿದ್ದರೆ ಅದೇ ಬಗೆಯ ಇನ್ನೊಂದು ಬಂಡಲ್‌ನ ಪಿಲಿಸ್ಟ್ ತಂದು, ಒಳಗಿನ ಬ್ಯಾಂಡ್ ಗಾತ್ರ ಮತ್ತು ಒಟ್ಟು ಗಾತ್ರ ನಿಮ್ಮದಕ್ಕೆ ಹೊಂದುವಂತೆ ತಿದ್ದಬೇಕು. ಬ್ಯಾಂಡ್ ಗಾತ್ರ ತಿಳಿಯುವುದು ಸುಲಭ: ತುಂಬಿದ ಯಾವುದಾದರೂ ತುಂಡಿನ ಬೈಟ್ ಲೆಕ್ಕ ನೋಡಿ, 8 ಎಂಬಿಯದಾದರೆ 83,88,608 ಇರುತ್ತದೆ.

ಟೋಕನ್ ಕಡತದ ವಿಷಯ ಬೇರೆ. ಎನ್‌ಕ್ರಿಪ್ಟ್ ಮಾಡದ ಬಂಡಲ್‌ನಲ್ಲಿ ಅದು ಖಾಲಿಯಿದ್ದರೂ ಚಿಂತೆಯಿಲ್ಲ. ಎನ್‌ಕ್ರಿಪ್ಟ್ ಮಾಡಿದ್ದರೆ ಬೀಗದ ಕೈ ಇರುವುದೇ ಅದರಲ್ಲಿ. ನಿಮ್ಮ ಪಾಸ್‌ವರ್ಡ್ ಆ ಕೈಯನ್ನು ಬಿಡಿಸುವುದಕ್ಕಷ್ಟೇ. ಟೋಕನ್ ಕಳೆದಿದ್ದರೆ ಸರಿಯಾದ ಪಾಸ್‌ವರ್ಡ್ ಇದ್ದರೂ ತೆರೆಯುವುದಿಲ್ಲ, ಪಾಸ್‌ವರ್ಡ್ ಮರೆತಿದ್ದರೆ ಟೋಕನ್ ಇದ್ದರೂ ಇಲ್ಲ. ಹಳೆಯ ಮ್ಯಾಕ್‌ನ ಕೀಚೈನ್‌ನಲ್ಲಿ ಪಾಸ್‌ವರ್ಡ್ ಉಳಿದಿರಬಹುದು, ಹುಡುಕಿ. ಅಲ್ಲೂ ಸಿಗದಿದ್ದರೆ ಯಾರಾದರೂ ದುಡ್ಡು ತೆಗೆದುಕೊಂಡು ಬಿಡಿಸಿಕೊಡುತ್ತೇನೆ ಎಂದರೆ ಕೊಡಬೇಡಿ.

ಲಕ್ಷಣ: ನಾಸ್ ಬೀಪ್ ಹೊಡೆಯುತ್ತಿದೆ, ಕಿತ್ತಳೆ ದೀಪ, ಡಿಗ್ರೇಡೆಡ್ ಎಂಬ ಸಂದೇಶ, ನಕಲು ಆಮೆವೇಗ

ಈಗ ಬ್ಯಾಕಪ್ ಮಾತು ಬಿಡಿ, ಡಿಸ್ಕ್ ನೋಡಿ. ನಾಸ್‌ನ ಸ್ಟೋರೇಜ್ ಪುಟದಲ್ಲಿ ಪ್ರತಿ ಡಿಸ್ಕ್‌ನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ಇರುತ್ತದೆ. ನಾಲ್ಕು ಸಾಲು ಸಾಕು. 5ನೆಯದು ರೀಅಲೊಕೇಟೆಡ್: ಕೆಟ್ಟು ಬದಲಿಸಿದ ಸೆಕ್ಟರ್‌ಗಳು. 197, ಪೆಂಡಿಂಗ್: ಓದಲು ಒದ್ದಾಡುತ್ತಿರುವವು. 198: ಓದಲಾಗದೇ ಹೋದವು. ಈ ಮೂರರ ರಾ ಮೌಲ್ಯ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಕೊನೆಯುಸಿರು ಎಳೆಯುತ್ತಿದೆ. 199 ಮಾತ್ರ ಏರಿದ್ದರೆ ಸಮಾಧಾನ. ಅದು ಕೇಬಲ್ ಅಥವಾ ಸ್ಲಾಟ್‌ನ ಸಂಪರ್ಕ ದೋಷ. ನಾಸ್ ಆಫ್ ಮಾಡಿ, ಟ್ರೇ ಎಳೆದು ಗಟ್ಟಿಯಾಗಿ ಕೂರಿಸಿ.

ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಏರ್ಪಾಡಿಗೆ ರೇಡ್ ಎನ್ನುತ್ತಾರೆ. ರೇಡ್ 1 ಅಥವಾ 5ರಲ್ಲಿ ಒಂದು ಡಿಸ್ಕ್ ಹೋದರೆ ಡೇಟಾ ಇನ್ನೂ ಇದೆ. ಎಲ್ಲರೂ ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಒತ್ತಲು ಓಡುತ್ತಾರೆ. ನನ್ನ ಸಲಹೆ ಉಲ್ಟಾ: ಮೊದಲು ಬೇಕಾದ್ದನ್ನು ಹೊರಗೆ ನಕಲಿಸಿ, ಆಮೇಲೆ ರೀಬಿಲ್ಡ್. ರೀಬಿಲ್ಡ್ ಎಂದರೆ ಉಳಿದ ಡಿಸ್ಕ್‌ಗಳನ್ನು ತುದಿಯಿಂದ ತುದಿಗೆ, ಗಂಟೆಗಟ್ಟಲೆ ಬಿಡುವಿಲ್ಲದೆ ಓದುವ ಕೆಲಸ. ಒಟ್ಟಿಗೇ ಕೊಂಡ, ಒಂದೇ ವಯಸ್ಸಿನ ಇನ್ನೊಂದು ಡಿಸ್ಕ್ ಆ ಹೊತ್ತಿಗೇ ಬಿದ್ದರೆ ರೇಡ್ 5 ಪೂರ್ತಿ ಕುಸಿಯುತ್ತದೆ. ರೇಡ್ 0 ಅಥವಾ ಒಂಟಿ ಡಿಸ್ಕ್ ಆಗಿದ್ದರೆ ಆ ಆಯ್ಕೆಯೂ ಇಲ್ಲ.

ಸದ್ದಿಲ್ಲದೆ ಓಡುತ್ತಿರುವ, ಆದರೆ ಸೆಕ್ಟರ್ ಕೆಟ್ಟ ಡಿಸ್ಕ್‌ಗೆ ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಂ ಇದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗ ಹಾರಿಸಿ, ಆಮೇಲಿನ ಸುತ್ತುಗಳಲ್ಲಿ ಅವುಗಳಿಗೆ ಮರಳುತ್ತದೆ. ಮ್ಯಾಪ್ ಕಡತ ಕೊಡುವುದನ್ನು ಮರೆಯಬೇಡಿ, ನಡುವೆ ನಿಂತರೆ ಅದೇ ನೆನಪು. ಡಿಸ್ಕ್‌ಗೊಂದರಂತೆ ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಖಾಲಿ ಡಿಸ್ಕ್ ಬೇಕು, ಜೊತೆಗೆ ಒಂದು ಸಾಟಾ-ಯುಎಸ್‌ಬಿ ಡಾಕ್, ಬೆಂಗಳೂರಿನಲ್ಲಿ ಎಸ್.ಪಿ. ರೋಡ್ ಕಡೆ ಹೋದರೆ ಸಿಗುತ್ತದೆ.

ಲಕ್ಷಣ: ನಾಸ್ ಆನ್ ಆಗುವುದೇ ಇಲ್ಲ

ಗುಡುಗು ಸಿಡಿಲಿನ ಮಾರನೆಯ ದಿನ ಹೀಗಾದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಅದೇ ವೋಲ್ಟೇಜ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್‌ನ, ಅದೇ ಪಿನ್‌ನ ಇನ್ನೊಂದರಿಂದ ನೋಡಿ. ಸುಟ್ಟ ವಾಸನೆ ಬಂದರೆ ಮತ್ತೆ ಕರೆಂಟ್ ಕೊಡಬೇಡಿ.

ಪೆಟ್ಟಿಗೆ ಸತ್ತಿದ್ದರೂ ಡಿಸ್ಕ್‌ಗಳು ಸರಿಯಿರಬಹುದು. ಅದೇ ಕಂಪನಿಯ, ಹೊಂದುವ ಮಾಡೆಲ್‌ಗೆ ಅದೇ ಕ್ರಮದಲ್ಲಿ ಡಿಸ್ಕ್ ಹಾಕಿದರೆ ಮೈಗ್ರೇಟ್ ಮಾಡಲೇ ಎಂದು ಕೇಳುತ್ತದೆ. ಸಿನಾಲಜಿ ಪೆಟ್ಟಿಗೆಗಳು ಒಳಗೆ ಲಿನಕ್ಸ್‌ನ ಮಾಮೂಲಿ ರೇಡ್ ಬಳಸುವುದರಿಂದ ಡಿಸ್ಕ್‌ಗಳನ್ನೆಲ್ಲ ಒಂದು ಪಿಸಿಗೆ ಜೋಡಿಸಿ, ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಂಡಿಎಡಿಎಂ ಆಜ್ಞೆಯಿಂದ ಸೇರಿಸಿ ಓದಬಹುದು. ರೀಡ್‌ಓನ್ಲಿ ಆಗಿಯೇ ಮೌಂಟ್ ಮಾಡಿ. ಈ ಡಿಸ್ಕ್‌ಗಳನ್ನು ವಿಂಡೋಸ್‌ಗೆ ಜೋಡಿಸಿದರೆ ಫಾರ್ಮ್ಯಾಟ್ ಮಾಡಲೇ ಎಂಬ ಕಿಟಕಿ ಏಳುತ್ತದೆ, ರದ್ದು ಮಾಡಿ.

ಏನು ಮಾಡಿದರೂ ಒಳಗಿನ ಪಟ್ಟಿ ಬರಲಿಲ್ಲ

ನಕಲು ಕೈಯಲ್ಲಿದೆ, ತುಂಡುಗಳೂ ಓದುತ್ತವೆ, ರಿಪೇರಿ ಮಾತ್ರ ಆಗಲಿಲ್ಲ. ಎರಡು ದಾರಿ ಉಳಿದಿವೆ. ಲಿನಕ್ಸ್ ಗೊತ್ತಿದ್ದವರು ಸ್ಪಾರ್ಸ್‌ಬಂಡಲ್‌ಎಫ್‌ಎಸ್ ಎಂಬ ಪ್ರೋಗ್ರಾಂ ಬಳಸಿ, ಎನ್‌ಕ್ರಿಪ್ಟ್ ಆಗದ ಬಂಡಲ್ಲನ್ನು ಒಂದೇ ಕಡತವಾಗಿ ತೋರಿಸಿ ಎಚ್‌ಎಫ್‌ಎಸ್ ಪ್ಲಸ್ ಆಗಿ ಓದಬಹುದು. ಮ್ಯಾಕ್ ಹಟ ಹಿಡಿಯುವ ಕಡೆ ಲಿನಕ್ಸ್ ಕೆಲವೊಮ್ಮೆ ಕಣ್ಣು ಮುಚ್ಚಿ ಓದಿಬಿಡುತ್ತದೆ.

ಇನ್ನೊಂದು ಫೋಟೊರೆಕ್ ಎಂಬ ಪ್ರೋಗ್ರಾಂ. ಅದು ಪಟ್ಟಿಯ ಗೊಡವೆಗೇ ಹೋಗದೆ, ಜೋಡಿಸಿದ ಡಿಸ್ಕನ್ನು ಸೆಕ್ಟರ್ ಸೆಕ್ಟರ್ ಓದಿ, ಜೆಪೆಗ್ ಶುರುವಾಗುವ ಗುರುತು, ಪಿಡಿಎಫ್ ಶುರುವಾಗುವ ಗುರುತು ಹಿಡಿದು ಕಡತ ಎತ್ತುತ್ತದೆ. ಹೆಸರು, ಫೋಲ್ಡರ್ ಎರಡೂ ಹೋಗಿರುತ್ತವೆ. ಮದುವೆ ಫೋಟೋಗಳ ಜೊತೆ ಬ್ರೌಸರ್‌ನ ಸಾವಿರಾರು ಚಿಲ್ಲರೆ ಐಕಾನ್‌ಗಳೂ ಬರುತ್ತವೆ; ಗಾತ್ರದ ಮೇಲೆ ವಿಂಗಡಿಸಿ ಚಿಕ್ಕವನ್ನು ಎಸೆಯಿರಿ. ಕ್ಯಾಮೆರಾ ಫೋಟೋಗಳಲ್ಲಿ ತೆಗೆದ ತಾರೀಖು ಒಳಗೇ ಇರುವುದರಿಂದ ಅದನ್ನು ಹಿಡಿದು ಮತ್ತೆ ಜೋಡಿಸಿಕೊಳ್ಳಬಹುದು. ಟ್ಯಾಲಿ ಡೇಟಾ, ಫೋಟೋಶಾಪ್‌ನ ದೊಡ್ಡ ಕಡತಗಳಿಗೆ ಈ ದಾರಿಯಲ್ಲಿ ಹೆಚ್ಚು ಆಸೆ ಬೇಡ. ಬಂಡಲ್ ಎನ್‌ಕ್ರಿಪ್ಟ್ ಆಗಿದ್ದರೆ ಪಾಸ್‌ವರ್ಡ್ ಕೊಟ್ಟು ಜೋಡಿಸಿದ ಮೇಲೇ ಇದನ್ನು ಓಡಿಸಬೇಕು.

ಯಾವಾಗ ಲ್ಯಾಬ್‌ಗೆ ಕೊಡಬೇಕು

ಡಿಸ್ಕ್ ಸದ್ದು ಮಾಡುತ್ತಿದೆ, ಬಿದ್ದಿದೆ, ನೀರು ಹೊಕ್ಕಿದೆ, ರೇಡ್ 5ರಲ್ಲಿ ಎರಡು ಡಿಸ್ಕ್ ಹೋಗಿವೆ, ಬೇರೆಯವರ ಕೈಯಲ್ಲಿ ಆಗಲೇ ರೀಬಿಲ್ಡ್ ಅಥವಾ ಇನಿಷಿಯಲೈಸ್ ಆಗಿದೆ, ಅಥವಾ ಹೋಗಿರುವ ಡೇಟಾ ಒಂದೇ ಒಂದು ಪ್ರತಿ, ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಇವುಗಳಲ್ಲಿ ಯಾವುದಿದ್ದರೂ ನೀವು ಏನೂ ಪ್ರಯತ್ನಿಸದೆ ಕೊಡುವುದೇ ಲೇಸು. ಲ್ಯಾಬಿನವರು ಮೊದಲು ಕೇಳುವುದೇ "ಏನೇನು ಮಾಡಿದ್ದೀರಿ" ಎಂದು. ಮುಚ್ಚಿಡದೆ ಬರೆದುಕೊಡಿ.

ಹಾರ್ಡ್‌ಡಿಸ್ಕನ್ನು ಅಂಗಡಿಯ ಮೇಜಿನ ಮೇಲೆ, ಫ್ಯಾನ್ ಕೆಳಗೆ ಬಿಚ್ಚಲು ಹೊರಟವರ ಕೈಗೆ ಕೊಡಬೇಡಿ. ಧೂಳಿಲ್ಲದ ಕ್ಲೀನ್ ಬೆಂಚ್ ಇದೆಯೇ ಕೇಳಿ. ಮೊದಲು ನಕಲು ತೆಗೆದು ನಕಲಿನ ಮೇಲೆ ಕೆಲಸ ಮಾಡುತ್ತೀರಾ, ಸಿಗಬಹುದಾದ ಕಡತಗಳ ಪಟ್ಟಿ ತೋರಿಸಿದ ಮೇಲೆ ದುಡ್ಡೋ ಮೊದಲೋ, ಡೇಟಾ ಬಾರದಿದ್ದರೆ ಎಷ್ಟು, ಇವನ್ನು ಬರಹದಲ್ಲಿ ಪಡೆಯಿರಿ. ರೇಡ್ ಆಗಿದ್ದರೆ ಕೆಟ್ಟದ್ದೊಂದನ್ನೇ ಅಲ್ಲ, ಎಲ್ಲ ಡಿಸ್ಕ್‌ಗಳನ್ನೂ ಕೊಡಬೇಕು: ನಂಬರಿನ ಟೇಪ್ ಅಂಟಿಸಿದ ಹಾಗೇ, ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ, ಒಂದಕ್ಕೊಂದು ತಾಗದಂತೆ ಸುತ್ತಿ. ಜೊತೆಗೆ ನಾಸ್‌ನ ಮಾಡೆಲ್, ರೇಡ್ ಬಗೆ, ಎನ್‌ಕ್ರಿಪ್ಷನ್ ಇದ್ದರೆ ಅದರ ಕೀ, ಮತ್ತು ನಿಮಗೆ ಬೇಕೇಬೇಕಾದ ನಾಲ್ಕೈದು ಫೋಲ್ಡರ್‌ಗಳ ಹೆಸರು. ಪೋಸ್ಟ್ ಅಥವಾ ಕೊರಿಯರ್‌ಗಿಂತ ಕೈಯಾರೆ ಒಯ್ಯುವುದು ಒಳ್ಳೆಯದು. ಬಸ್ಸಿನಲ್ಲಾದರೆ ಚೀಲ ಮೇಲಿನ ಕ್ಯಾರಿಯರ್‌ನಲ್ಲಿ ಬೇಡ, ತೊಡೆಯ ಮೇಲಿರಲಿ.